ಕೆಂಪು ಮಣ್ಣಿಗೆ ಸುಣ್ಣ ಹಾಕೋ ಮುಂಚೆ ಬೋರ್‌ವೆಲ್ ನೀರು ನೋಡಿ

ಮಾರ್ಚ್ ಮುಗಿದು ಏಪ್ರಿಲ್ ಶುರುವಾಗೋ ಹೊತ್ತು. ಡಿಸೆಂಬರ್, ಜನವರಿಯಲ್ಲಿ ಹಾಕಿದ ಸಸಿಗಳು ಚೀಲದಲ್ಲಿ ಗೇಣುದ್ದ ಬಂದಿರುತ್ತವೆ. ಇನ್ನೆರಡು ತಿಂಗಳಿಗೆ ಮುಂಗಾರು, ಆಗಲೇ ಮಾರಾಟ. ಸರಿಯಾಗಿ ಆ ಸಮಯಕ್ಕೆ ಚಿಗುರು ಹಳದಿ ತಿರುಗೋಕೆ ಶುರುವಾಗುತ್ತೆ. ಮೊದಲು ಸಿಲ್ವರ್ ಓಕ್, ಆಮೇಲೆ ಚಕ್ಕೋತ, ಹಲಸು. ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಹತ್ತು ನಿಮಿಷದಲ್ಲಿ ಉತ್ತರ ಬರುತ್ತವೆ. "ಯೂರಿಯಾ ಕೊಡಿ ಬ್ರೋ." "19:19:19 ಬಿಡಿ." "ಅಣ್ಣಾ, ನಮ್ಮ ಕಡೆ ಕೆಂಪು ಮಣ್ಣು, ಹುಳಿ ಇರುತ್ತೆ, ಸ್ವಲ್ಪ ಸುಣ್ಣ ಹಾಕಿ."

ಮೂರನೇ ಉತ್ತರ ಕೇಳೋಕೆ ಬಹಳ ತಿಳಿದವರ ಮಾತಿನ ಹಾಗಿದೆ. ನಾನೂ ನಂಬಿದ್ದೆ. ದೊಡ್ಡಬಳ್ಳಾಪುರದ ಹತ್ತಿರ ಸಿಲ್ವರ್ ಓಕ್ ಸಸಿ ಮಾಡಿದ ಮೊದಲ ವರ್ಷ, ಎರಡು ಸಾವಿರ ಚೀಲಕ್ಕೆ ಚಮಚದ ಲೆಕ್ಕದಲ್ಲಿ ಸುಣ್ಣ ಹಾಕಿದೆ. ಮೂರು ವಾರದಲ್ಲಿ ಹಳದಿ ಇದ್ದ ಎಲೆ ಬಿಳಿಚಿಕೊಂಡವು, ಅಂಚು ಸುಟ್ಟವು. ಜೂನ್‌ನಲ್ಲಿ ಅರ್ಧಕ್ಕರ್ಧ ಸಸಿ ಯಾರೂ ಕೇಳಲಿಲ್ಲ. ಆಮೇಲೆ ಚೀಲದ ಮಣ್ಣಿನ ರಸಸಾರ, ಅಂದರೆ ಪಿಎಚ್, ನೋಡಿಸಿದರೆ 8ರ ಮೇಲಿತ್ತು. ಹುಳಿಯೇ ಇಲ್ಲದ ಮಣ್ಣಿಗೆ ನಾನು ಹುಳಿ ತೆಗೆಯೋ ಔಷಧಿ ಹಾಕಿದ್ದೆ.

ಚೀಲ ತುಂಬಿಸಿದ ದಿನ ಅದೇ ಮಣ್ಣು 6ರ ಆಸುಪಾಸು ಇದ್ದಿರಬೇಕು. ನಾಲ್ಕು ತಿಂಗಳಲ್ಲಿ ಅದನ್ನು ಮೇಲಕ್ಕೆ ಎಳೆದದ್ದು ದಿನಾ ಬೆಳಗ್ಗೆ ಕೊಟ್ಟ ನೀರು.

ಒಂದೇ ಮಣ್ಣು, ಎರಡು ದಾರಿ

ಕೆಂಪು ಮಣ್ಣು ಹುಳಿ ಅನ್ನೋ ಮಾತು ಸುಳ್ಳಲ್ಲ. ಹೊಲದ ಮಟ್ಟಿಗೆ ಅದು ನಿಜ. ಜಿಕೆವಿಕೆಯಲ್ಲಿ 1986ರಿಂದ ಒಂದು ದೀರ್ಘಾವಧಿ ಗೊಬ್ಬರ ಪ್ರಯೋಗ ನಡೆಯುತ್ತಿದೆ. ನಮ್ಮಂಥದ್ದೇ ಕೆಂಪು ಮಣ್ಣು, ಬೆಳೆ ರಾಗಿ ಮತ್ತು ಮುಸುಕಿನ ಜೋಳ. ಒಂದು ತಾಕಿಗೆ ಬರೀ ಸಾರಜನಕ, ಒಂದಕ್ಕೆ ಎನ್‌ಪಿಕೆ, ಒಂದಕ್ಕೆ ಎನ್‌ಪಿಕೆ ಜೊತೆ ಸುಣ್ಣ, ಇನ್ನೊಂದಕ್ಕೆ ಕೊಟ್ಟಿಗೆ ಗೊಬ್ಬರ. ಬರೀ ಸಾರಜನಕ ಕೊಡುತ್ತಾ ಬಂದ ತಾಕಿನಲ್ಲಿ ಮಣ್ಣು ವರ್ಷ ವರ್ಷಕ್ಕೂ ಹುಳಿಯಾಗಿ ಇಳುವರಿ ನೆಲಕಚ್ಚಿತು. ಸುಣ್ಣ ಅಥವಾ ಕೊಟ್ಟಿಗೆ ಗೊಬ್ಬರ ಬಿದ್ದ ತಾಕುಗಳು ತಡೆದುಕೊಂಡವು. ಹೊಲಕ್ಕೆ ಬೀಳೋದು ಮಳೆ ನೀರು. ಅದು ಮಣ್ಣಿನ ಕ್ಯಾಲ್ಸಿಯಂ ತೊಳೆದುಕೊಂಡು ಹೋಗುತ್ತೆ. ಮೇಲೆ ಯೂರಿಯಾ ಹುಳಿ ಸೇರಿಸುತ್ತೆ.

ನರ್ಸರಿ ಚೀಲದಲ್ಲಿ ನಡೆಯೋದು ಇದರ ಉಲ್ಟಾ. ಜನವರಿಯಿಂದ ಮೇವರೆಗೆ ಮಳೆ ಕಡಿಮೆ, ಹೆಚ್ಚಾಗಿ ಬೋರ್‌ವೆಲ್ ನೀರು. ಹೊಸಕೋಟೆ, ದೇವನಹಳ್ಳಿ ಕಡೆ ಬೋರ್ ನೀರು ಕಾಯಿಸಿದ ಪಾತ್ರೆ ತಳ ನೋಡಿ, ಗೀಸರ್ ಕಾಯಿಲ್ ನೋಡಿ, ಕಟ್ಟಿಕೊಂಡ ಡ್ರಿಪ್ಪರ್ ಬಾಯಿ ನೋಡಿ. ಆ ಬಿಳಿ ಪದರ ಸುಣ್ಣವೇ. ನೀರಿನಲ್ಲಿ ಕರಗಿರೋ ಬೈಕಾರ್ಬೊನೇಟ್ ಅಲ್ಲಿ ಕಲ್ಲಾಗಿ ಕೂತಿದೆ. ನಿಮ್ಮ ಚೀಲದ ಬಾಯಿ ಸುತ್ತ ಬಿಳಿ ಗೆರೆ ಕಂಡರೆ ಒಳಗೂ ಅದೇ ಕೆಲಸ ನಡೀತಿದೆ.

ಲೆಕ್ಕ ಹಾಕಿ ನೋಡೋಣ. ನಿಮ್ಮ ನೀರಿನ ಪರೀಕ್ಷೆಯಲ್ಲಿ ಕ್ಷಾರತೆ ಲೀಟರ್‌ಗೆ 250 ಮಿಲಿಗ್ರಾಂ ಅಂತ ಬಂತು ಅಂದುಕೊಳ್ಳಿ. 2 ಕೆಜಿ ಮಣ್ಣು ಹಿಡಿಯೋ ಚೀಲಕ್ಕೆ ದಿನಕ್ಕೆ 200 ಮಿಲಿ ನೀರು, 180 ದಿನ. ಒಟ್ಟು 36 ಲೀಟರ್. ಅಂದರೆ ಒಂದು ಚೀಲಕ್ಕೆ 9 ಗ್ರಾಂ ಸುಣ್ಣದ ಕಲ್ಲಿನ ಪುಡಿ ಹಾಕಿದ ಹಾಗಾಯಿತು. 9 ಗ್ರಾಂ ಕಡಿಮೆ ಅನ್ನಿಸಬಹುದು. ಅದನ್ನೇ ಒಂದು ಎಕರೆ ಮೇಲ್ಮಣ್ಣಿನ ಲೆಕ್ಕಕ್ಕೆ ತಂದರೆ ಮೂರೂವರೆ ಟನ್ ದಾಟುತ್ತೆ! ಸ್ವಲ್ಪ ನೀರು ತಳದ ತೂತಿಂದ ಹರಿದುಹೋಗುತ್ತೆ ಅಂತ ಅರ್ಧ ಕಳೆದರೂ, ಯಾವ ರೈತನೂ ಯೋಚಿಸದೆ ಹೊಲಕ್ಕೆ ಸುರಿಯೋ ಪ್ರಮಾಣ ಅಲ್ಲ ಅದು. ನಮ್ಮ ಕೆಂಪು ಮಣ್ಣಿನಲ್ಲಿ ಜೇಡಿಯೂ ಕಡಿಮೆ, ಸಾವಯವ ಅಂಶವೂ ಕಡಿಮೆ. ಹಾಗಾಗಿ ರಸಸಾರ ಎತ್ತ ತಳ್ಳಿದರೆ ಅತ್ತ ಬೇಗ ವಾಲುತ್ತೆ.

ಇಲ್ಲೊಂದು ತಮಾಷೆ ಇದೆ. ಕೆಂಪು ಮಣ್ಣು ಕೆಂಪಗಿರೋದೇ ಕಬ್ಬಿಣದಿಂದ. ಅದೇ ಮಣ್ಣಲ್ಲಿ ನಿಂತ ಸಸಿ ಕಬ್ಬಿಣ ಸಿಗದೆ ಹಳದಿಯಾಗುತ್ತೆ. ರಸಸಾರ ಒಂದು ಅಂಕಿ ಏರಿದರೆ ನೀರಲ್ಲಿ ಕರಗೋ ಕಬ್ಬಿಣ ಸಾವಿರ ಪಾಲು ಇಳಿಯುತ್ತೆ. ಮಣ್ಣಿನಲ್ಲಿ ಇದೆ, ಬೇರಿಗೆ ಸಿಗೋ ರೂಪದಲ್ಲಿ ಇಲ್ಲ. ಸತು, ಮ್ಯಾಂಗನೀಸ್ ಕಥೆಯೂ ಹೆಚ್ಚುಕಡಿಮೆ ಇದೇ.

ಹಳದಿ ಎಲ್ಲಿಂದ ಶುರುವಾಯ್ತು?

ಔಷಧಿಗೆ ಓಡೋ ಮುಂಚೆ ಸಸಿ ಕೈಗೆತ್ತಿಕೊಂಡು ನೋಡಿ. ಹಳದಿ ಕೆಳಗಿನ ಹಳೇ ಎಲೆಯಿಂದ ಶುರುವಾಗಿ, ಎಲೆ ಪೂರ್ತಿ ಒಂದೇ ಸಮ ಹಳದಿಯಾಗಿದ್ದರೆ ಅದು ಸಾರಜನಕದ ಕೊರತೆ. ಆಗ ಯೂರಿಯಾ ಅಂದವರು ಸರಿ. ತುದಿಯ ಹೊಸ ಎಲೆಯಲ್ಲಿ ಶುರುವಾಗಿ, ನರಗಳು ಹಸಿರಾಗೇ ಉಳಿದು ನಡುವಿನ ಜಾಗ ಮಾತ್ರ ಹಳದಿಯಾಗಿ ಬಲೆ ಹಾಗೆ ಕಂಡರೆ ಕಬ್ಬಿಣದ ಕೊರತೆ. ಫೋನಲ್ಲಿ ಫೋಟೊ ತೆಗೆಯೋದಾದರೆ ಎಲೆ ಕೆಳಗೆ ಬಿಳಿ ಕಾಗದ ಇಟ್ಟು, ನೆರಳಲ್ಲಿ ತೆಗೀರಿ. ಪಾಲಿಹೌಸ್ ಒಳಗೆ, ಹಸಿರು ನೆರಳು ಬಲೆ ಕೆಳಗೆ ತೆಗೆದ ಫೋಟೊದಲ್ಲಿ ಎಲ್ಲ ಎಲೆಯೂ ರೋಗ ಬಂದಂತೆ ಕಾಣುತ್ತೆ. ಅದನ್ನು ನೋಡಿ ಸಲಹೆ ಕೊಡೋರನ್ನ ಬೈಯೋದು ತಪ್ಪು.

ನೀರು ಜಾಸ್ತಿಯಾಗಿ ಬೇರು ಉಸಿರುಗಟ್ಟಿದಾಗಲೂ ಚಿಗುರು ಹಳದಿಯಾಗುತ್ತೆ. ಒಂದು ಚೀಲ ಹರಿದು ಬೇರು ನೋಡಿ. ಕಪ್ಪಗೆ ಕೊಳೆತ ವಾಸನೆ ಇದ್ದರೆ ಮೊದಲು ನೀರು ಕಡಿಮೆ ಮಾಡಿ, ರಸಸಾರದ ಮಾತು ಆಮೇಲೆ.

ಶ್ರೀಗಂಧದ ವಿಷಯ ಬೇರೆ. 2001ರ ಕಾನೂನು ತಿದ್ದುಪಡಿ ಆದ ಮೇಲೆ ಸ್ವಂತ ಜಮೀನಿನ ಗಂಧದ ಮರ ರೈತನದೇ ಆಯಿತು. ಅಲ್ಲಿಂದ ಸಸಿಗೆ ಬೇಡಿಕೆ ಏರಿದೆ, ನರ್ಸರಿಗಳೂ ಹೆಚ್ಚಿವೆ. ಆದರೆ ಗಂಧ ಅರೆ ಪರಾವಲಂಬಿ ಗಿಡ, ಪಕ್ಕದ ಗಿಡದ ಬೇರಿಗೆ ಬೇರು ಕಚ್ಚಿ ಬದುಕುತ್ತೆ. ಚೀಲದಲ್ಲಿ ತೊಗರಿಯಂಥ ಆಸರೆ ಗಿಡ ಇಲ್ಲದಿದ್ದರೆ, ಇದ್ದದ್ದು ಸತ್ತಿದ್ದರೆ, ರಸಸಾರ ಎಷ್ಟೇ ಚೆನ್ನಾಗಿದ್ದರೂ ಸಸಿ ಹಳದಿಯಾಗುತ್ತೆ. ಗಂಧದ ಸಸಿ ಬಿಳಿಚಿಕೊಂಡರೆ ಮೊದಲು ಜೊತೆಗಿರೋ ಗಿಡದ ಯೋಗಕ್ಷೇಮ ವಿಚಾರಿಸಿ.

ಪರೀಕ್ಷೆ: ನೀರು ಮೊದಲು, ಮಣ್ಣು ಆಮೇಲೆ

ಮಣ್ಣು ಪರೀಕ್ಷೆಗೆ ಕೊಡೋರು ಈಗ ಇದ್ದಾರೆ, ನೀರು ಕೊಡೋರು ಕಡಿಮೆ. ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇರೋದು ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ. ಅಲ್ಲಿ ಅಥವಾ ಜಿಕೆವಿಕೆಯಲ್ಲಿ ವಿಚಾರಿಸಿ. ಮೋಟರ್ ಹತ್ತು ನಿಮಿಷ ಓಡಿಸಿದ ಮೇಲೆ, ಅದೇ ನೀರಲ್ಲಿ ಎರಡು ಸಲ ತೊಳೆದ ಬಾಟಲಿಗೆ ಗಾಳಿ ಉಳಿಯದ ಹಾಗೆ ತುಂಬಿಸಿ, ಅದೇ ದಿನ ತಲುಪಿಸಿ. ವರದಿಯಲ್ಲಿ ಬರೀ ಪಿಎಚ್ ನೋಡಿ ಸುಮ್ಮನಾಗಬೇಡಿ. ನೋಡಬೇಕಾದ್ದು ಬೈಕಾರ್ಬೊನೇಟ್ ಅಥವಾ ಒಟ್ಟು ಕ್ಷಾರತೆ. ಪಿಎಚ್ 7.6 ಇದ್ದು ಬೈಕಾರ್ಬೊನೇಟ್ ತುಂಬಿರೋ ನೀರು, ಪಿಎಚ್ 8.4 ಇದ್ದು ಬೈಕಾರ್ಬೊನೇಟ್ ಕಡಿಮೆ ಇರೋ ನೀರಿಗಿಂತ ಚೀಲಕ್ಕೆ ಹೆಚ್ಚು ಕೆಟ್ಟದ್ದು.

ಮನೆಯಲ್ಲೇ ನೋಡೋಕೆ ಒಂದು ಸುಲಭದ ದಾರಿ ಇದೆ. ಅಕ್ವೇರಿಯಂ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ 'ಕೆಎಚ್ ಟೆಸ್ಟ್ ಕಿಟ್' ಅಂತ ಸಿಗುತ್ತೆ. ಮೀನು ಸಾಕೋರು ಬಳಸೋದು. ಅಳತೆ ನೀರಿಗೆ ಹನಿ ಹನಿ ಹಾಕುತ್ತಾ ಬಣ್ಣ ಬದಲಾಗೋವರೆಗೆ ಎಣಿಸಬೇಕು. ಸಾಮಾನ್ಯವಾಗಿ ಒಂದು ಹನಿ ಅಂದರೆ ಲೀಟರ್‌ಗೆ ಸುಮಾರು 18 ಮಿಲಿಗ್ರಾಂ ಕ್ಷಾರತೆ. ಐದಾರು ಹನಿಗೇ ಬಣ್ಣ ತಿರುಗಿದರೆ ನೀರಿನ ಚಿಂತೆ ಇಲ್ಲ. ಹನ್ನೊಂದು ದಾಟಿದರೆ, ಅಂದರೆ 200ರ ಮೇಲೆ ಹೋದರೆ, ಏನಾದರೂ ಮಾಡಲೇಬೇಕು.

ಚೀಲದ ಮಣ್ಣಿಗೆ: ಐದಾರು ಚೀಲದ ನಡುಭಾಗದಿಂದ ಮಣ್ಣು ತೆಗೆದು ಬೆರೆಸಿ ಒಣಗಿಸಿ. 20 ಗ್ರಾಂ ಮಣ್ಣಿಗೆ 50 ಮಿಲಿ ನೀರು, ಆಗಾಗ ಕಲಕಿ, ಅರ್ಧ ಗಂಟೆ ಬಿಟ್ಟು ಪಿಎಚ್ ಪೆನ್ ಅದ್ದಿ. ಇಲ್ಲಿ ಬಹಳ ಜನ ಎಡವೋದು ನೀರಲ್ಲಿ. ಬೋರ್ ನೀರಲ್ಲೇ ಕಲಕಿದರೆ ನೀವು ಅಳೆಯೋದು ಬೋರ್ ನೀರನ್ನೇ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತಗೊಳ್ಳಿ, ಆ್ಯಸಿಡ್ ಅಲ್ಲ. ಪೆನ್ ಜೊತೆ ಬರೋ ಪುಡಿ ಪೊಟ್ಟಣಗಳನ್ನ ಬಿಸಾಡಬೇಡಿ, ಪೆನ್ ಸರಿಹೊಂದಿಸೋಕೆ ಅವೇ ಬೇಕು. ಮಣ್ಣಿಗೆ ನೇರ ಚುಚ್ಚೋ ಎರಡು ಕಡ್ಡಿಯ ಮೀಟರ್ ನನಗೆ ಒಮ್ಮೆಯೂ ಒಂದೇ ಉತ್ತರ ಎರಡು ಸಲ ಕೊಟ್ಟಿಲ್ಲ.

5.5ರಿಂದ 6.8 ಒಳಗಿದ್ದರೆ ಹೆಚ್ಚಿನ ಮರದ ಸಸಿಗಳು ಖುಷಿಯಾಗಿರುತ್ತವೆ. ಸಿಲ್ವರ್ ಓಕ್‌ಗೆ ಸ್ವಲ್ಪ ಹುಳಿ ಕಡೆಯೇ ಇಷ್ಟ. ಹಲಸು 6ರಿಂದ 7. ತೇಗಕ್ಕೆ ಕ್ಯಾಲ್ಸಿಯಂ ಬೇಕು, 6.5ರಿಂದ 7.5 ಅದಕ್ಕೆ ಸರಿ, ಹುಳಿ ಮಣ್ಣು ಆಗಿಬರಲ್ಲ. ಬೇವು, ಹೊಂಗೆ, ನೆಲ್ಲಿ ಕ್ಷಾರ ತಡೀತವೆ. ಅದಕ್ಕೇ ಒಂದೇ ನರ್ಸರಿಯಲ್ಲಿ ಒಂದೇ ಮಣ್ಣು, ಒಂದೇ ನೀರು ಕುಡಿದು ಹೊಂಗೆ ಹಸಿರಾಗಿ ನಿಂತಿದ್ದರೆ ಪಕ್ಕದ ಸಿಲ್ವರ್ ಓಕ್ ಹಳದಿಯಾಗಿರೋದು. ಹೊಂಗೆ ಚೆನ್ನಾಗಿದೆ ಅಂದ ಮಾತ್ರಕ್ಕೆ ಮಣ್ಣು ಸರಿ ಇದೆ ಅಂತಲ್ಲ.

ಚೀಲ ತುಂಬಿಸೋ ಮುಂಚೆ

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ. ಎಲ್ಲರಿಗೂ ಗೊತ್ತಿರೋ ಲೆಕ್ಕ. ಆದರೆ ಮಣ್ಣು ಎಲ್ಲಿಂದ ಬಂತು ಅನ್ನೋದು ಮುಖ್ಯ. ದೇವನಹಳ್ಳಿ, ಹೊಸಕೋಟೆ ಸುತ್ತ ಲೇಔಟ್ ಕೆಲಸದ ಮಣ್ಣು ಟ್ರ್ಯಾಕ್ಟರ್‌ಗಟ್ಟಲೆ ಅಗ್ಗಕ್ಕೆ ಸಿಗುತ್ತೆ. ನೋಡೋಕೆ ಚಂದದ ಕೆಂಪು. ಅದರಲ್ಲಿ ಸಿಮೆಂಟ್, ಕಾಂಕ್ರೀಟ್ ಚೂರು, ಗಾರೆ ಸೇರಿದ್ದರೆ ಅದು ಮೊದಲ ದಿನದಿಂದಲೇ ಕ್ಷಾರ. ಜರಡಿ ಹಿಡಿದರೆ ಚೂರು ಹೋಗುತ್ತೆ, ಪುಡಿ ಹೋಗಲ್ಲ. ಒಲೆ ಬೂದಿ, ಬಾಯ್ಲರ್ ಬೂದಿಯೂ ರಸಸಾರ ಏರಿಸುತ್ತೆ. ಕೆರೆ ಹೂಳು ಹಾಕೋ ಅಭ್ಯಾಸ ಒಳ್ಳೇದೇ, ಆದರೆ ಅದರಲ್ಲಿ ಬಿಳಿ ಸುಣ್ಣದ ಗಂಟು ಕಂಡರೆ ಬಿಡಿ. ಅನುಮಾನ ಬಂದರೆ ಒಂದು ಹಿಡಿ ಮಣ್ಣಿನ ಮೇಲೆ ಅಡುಗೆಮನೆಯ ವಿನೆಗರ್ ಹನಿಸಿ. ನೊರೆ ಬಂದರೆ ಸುಣ್ಣ ಇದೆ.

ಸುಣ್ಣ ನಿಜವಾಗಿ ಬೇಕಾಗೋದು ಯಾವಾಗ? ವರ್ಷಗಟ್ಟಲೆ ಮಳೆಯಾಶ್ರಯದಲ್ಲಿ ಯೂರಿಯಾ, ಡಿಎಪಿ ತಿಂದ ರಾಗಿ ಹೊಲದ ಮಣ್ಣು ತಂದು, ಪರೀಕ್ಷೆಯಲ್ಲಿ 5.5ಕ್ಕಿಂತ ಕೆಳಗೆ ಬಂದು, ನಿಮ್ಮ ನೀರೂ ಮೆದುವಾಗಿದ್ದರೆ. ಆಗ ಕೃಷಿ ಸುಣ್ಣ ಅಥವಾ ಡಾಲಮೈಟ್ ತಗೊಳ್ಳಿ, ಸುಟ್ಟ ಸುಣ್ಣ ಬೇಡ. ಕೆಜಿ ಮಣ್ಣಿಗೆ ಅರ್ಧ, ಒಂದು, ಎರಡು ಗ್ರಾಂ ಹೀಗೆ ಮೂರು ಗುಂಪು ಮಾಡಿ, ಗುಂಪಿಗೆ ಹತ್ತು ಚೀಲ ತುಂಬಿಸಿ, ಮೂರು ವಾರ ತೇವ ಇಟ್ಟು ಅಳೆದು ನೋಡಿ. ಕೊಟ್ಟಿಗೆ ಗೊಬ್ಬರ ಬೆರೆಸೋ ದಿನವೇ ಸುಣ್ಣ ಬೆರೆಸಬೇಡಿ, ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತೆ. ಮಣ್ಣು 5.3 ಇದ್ದು ನೀರಿನ ಕ್ಷಾರತೆ 250 ಇದ್ದರೆ ಏನೂ ಹಾಕಬೇಡಿ. ತೇಗ ಬಿಟ್ಟು ಉಳಿದದ್ದಕ್ಕೆ ನೀರೇ ಸುಣ್ಣ ಹಾಕುತ್ತೆ.

ಮಿಶ್ರಣವೇ 7.5 ದಾಟಿದ್ದರೆ ಗಂಧಕದ ಪುಡಿ. ಕೆಜಿ ಮಣ್ಣಿಗೆ ಅರ್ಧ ಗ್ರಾಂನಿಂದ ಶುರು ಮಾಡಿ. 1 ಗ್ರಾಂ ಗಂಧಕ ಸುಮಾರು 3 ಗ್ರಾಂ ಸುಣ್ಣದ ಕೆಲಸ ಅಳಿಸುತ್ತೆ, ಆದ್ದರಿಂದ ಕೈ ಬಿಗಿ ಇರಲಿ. ಗಂಧಕವನ್ನು ಹುಳಿ ಮಾಡೋದು ಮಣ್ಣಿನ ಬ್ಯಾಕ್ಟೀರಿಯಾ. ಅವಕ್ಕೆ ತೇವ, ಬಿಸಿ, ನಾಲ್ಕರಿಂದ ಆರು ವಾರ ಸಮಯ ಬೇಕು. ಹಾಗಾಗಿ ಇದು ಚೀಲ ತುಂಬಿಸೋಕೆ ತಿಂಗಳು ಮುಂಚಿನ ಕೆಲಸ. ಸಸಿ ಹಳದಿಯಾದ ಮೇಲೆ ಮೇಲ್ಗಡೆ ಉದುರಿಸಿದರೆ ಪ್ರಯೋಜನ ಕಡಿಮೆ.

ನೀರನ್ನೇ ಸರಿ ಮಾಡೋದು

ಎಲ್ಲಕ್ಕಿಂತ ಒಳ್ಳೇದು ಮಳೆ ನೀರು. ಲೆಕ್ಕ ಬಾಯಲ್ಲೇ ಬರುತ್ತೆ: 100 ಚದರ ಮೀಟರ್ ಚಾವಣಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್. ಚೀಲಕ್ಕೆ 200 ಮಿಲಿಯಂತೆ 5,000 ಚೀಲದ ಒಂದು ದಿನದ ನೀರು. ಹತ್ತು ಗುಂಟೆ ಪಾಲಿಹೌಸ್ ಇದ್ದರೆ ಅದೇ ಮಳೆಗೆ 10,000 ಲೀಟರ್. ನಮ್ಮ ಕಡೆ ಗುಲಾಬಿ ಪಾಲಿಹೌಸ್‌ಗಳಿಗೆ ಗಟಾರು ಕಟ್ಟಿ ಹೊಂಡಕ್ಕೆ ಬಿಡೋರು ಇದ್ದಾರೆ. ಕೃಷಿ ಭಾಗ್ಯದಲ್ಲಿ ಹೊಂಡ ಮಾಡಿಸಿ ಹಾಳೆ ಹಾಸಿದವರೂ ಇದ್ದಾರೆ. ಸೆಪ್ಟೆಂಬರ್, ಅಕ್ಟೋಬರ್ ಮಳೆ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬೋರ್ ನೀರಿಗೆ ಅರ್ಧಕ್ಕರ್ಧ ಬೆರೆಸಿದರೆ 250 ಇದ್ದ ಕ್ಷಾರತೆ 125ರ ಹತ್ತಿರ ಬರುತ್ತೆ. ಇರೋದು ಸ್ವಲ್ಪವೇ ಆದರೆ ಸಿಲ್ವರ್ ಓಕ್, ಚಕ್ಕೋತಕ್ಕೆ ಮೀಸಲಿಡಿ. ಹೊಂಗೆ, ಬೇವು ಬೋರ್ ನೀರಲ್ಲೇ ಬದುಕ್ತವೆ.

ಮಳೆ ನೀರು ಇಲ್ಲದವರಿಗೆ ನೀರಿಗೆ ಹುಳಿ ಸೇರಿಸೋದು ದಾರಿ. ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್, ಸುರಕ್ಷಿತ. ಮೊದಲು ಬಕೆಟ್‌ನಲ್ಲಿ ನೋಡಿ: 10 ಲೀಟರ್ ನೀರಿಗೆ ಅರ್ಧರ್ಧ ಗ್ರಾಂ ಹಾಕಿ ಕಲಕಿ, ಅರ್ಧ ಗಂಟೆ ಬಿಟ್ಟು ಅಳೀರಿ. 6.5ರ ಹತ್ತಿರ ಬಂದರೆ ನಿಲ್ಲಿಸಿ. 250 ಕ್ಷಾರತೆಯ ನೀರಿಗೆ 10 ಲೀಟರ್‌ಗೆ ಎರಡೂವರೆ–ಮೂರು ಗ್ರಾಂ ಬೇಕಾಗಬಹುದು. ಅದರಂತೆ 1,000 ಲೀಟರ್ ಟ್ಯಾಂಕಿಗೆ ಕಾಲು ಕೆಜಿ ಮೇಲೆ. ಖರ್ಚು ಲೆಕ್ಕ ಹಾಕಿಕೊಳ್ಳಿ. ಇದಕ್ಕೊಂದು ಕೊರತೆಯೂ ಇದೆ. ಮಣ್ಣಿನ ಸೂಕ್ಷ್ಮಜೀವಿಗಳು ಈ ಹುಳಿಯನ್ನು ತಿಂದು ಮುಗಿಸಿದ ಮೇಲೆ ಬೈಕಾರ್ಬೊನೇಟ್ ಒಂದಷ್ಟು ವಾಪಸ್ ಬರುತ್ತೆ. ದೊಡ್ಡ ನರ್ಸರಿಗಳು ಫಾಸ್ಫಾರಿಕ್, ನೈಟ್ರಿಕ್, ಸಲ್ಫ್ಯೂರಿಕ್ ಆ್ಯಸಿಡ್ ಬಳಸ್ತವೆ. ಅಳತೆ ಮಾಡಿಕೊಡೋರು ಪಕ್ಕದಲ್ಲಿ ಇಲ್ಲದೆ, ಕೈಗವಸು, ಕನ್ನಡಕ ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ಯಾವತ್ತೂ ನೀರಿಗೆ ಆ್ಯಸಿಡ್ ಹಾಕಬೇಕು, ಆ್ಯಸಿಡ್‌ಗೆ ನೀರು ಹಾಕಿದರೆ ಮುಖಕ್ಕೆ ಸಿಡಿಯುತ್ತೆ. ಬ್ಯಾಟರಿ ಆ್ಯಸಿಡ್ ಅಂತೂ ಬೇಡವೇ ಬೇಡ.

ಊರಿನ ಶುದ್ಧ ನೀರಿನ ಘಟಕದಿಂದ ಹೊರಗೆ ಬಿಡೋ ನೀರನ್ನ ಪೈಪ್ ಹಾಕಿ ನರ್ಸರಿಗೆ ತಗೊಂಡು ಹೋಗೋದನ್ನ ನೋಡಿದ್ದೀನಿ. ನೀರು ಪೋಲಾಗಬಾರದು ಅನ್ನೋ ಮನಸ್ಸು ಒಳ್ಳೇದು. ಆದರೆ ಕುಡಿಯೋ ನೀರಿಂದ ತೆಗೆದ ಉಪ್ಪು, ಬೈಕಾರ್ಬೊನೇಟ್ ಎಲ್ಲ ಅದರಲ್ಲೇ ಗಟ್ಟಿಯಾಗಿ ಇರುತ್ತೆ. ಫಾರ್ಮ್‌ಹೌಸ್‌ಗಳ ವಾಟರ್ ಸಾಫ್ಟ್‌ನರ್ ನೀರೂ ಸಸಿಗೆ ಬೇಡ. ಅದರಲ್ಲಿ ಕ್ಯಾಲ್ಸಿಯಂ ಬದಲು ಸೋಡಿಯಂ ಬಂದಿರುತ್ತೆ, ಬೈಕಾರ್ಬೊನೇಟ್ ಹಾಗೇ ಇರುತ್ತೆ.

ಈಗಾಗಲೇ ಹಳದಿಯಾಗಿದ್ದರೆ

ಅಂಗಡಿಯಲ್ಲಿ ಅನ್ನಭೇದಿ ಅಂತ ಸಿಗೋ ಫೆರಸ್ ಸಲ್ಫೇಟ್ 2 ಗ್ರಾಂ, ನಿಂಬೆ ಉಪ್ಪು 1 ಗ್ರಾಂ, ಒಂದು ಲೀಟರ್ ನೀರಿಗೆ. ಮೊದಲು ನಿಂಬೆ ಉಪ್ಪು ಕರಗಿಸಿ, ಆಮೇಲೆ ಅನ್ನಭೇದಿ. ಮಳೆ ನೀರು ಅಥವಾ ಶುದ್ಧ ಘಟಕದ ಕುಡಿಯೋ ನೀರು ಬಳಸಿ. ಬರೀ ಬೋರ್ ನೀರಿಗೆ ಹಾಕಿದರೆ ಸ್ವಲ್ಪ ಹೊತ್ತಿಗೆ ತುಕ್ಕಿನ ಬಣ್ಣ ಬರುತ್ತೆ, ಅಷ್ಟೊತ್ತಿಗೆ ಅದರ ಶಕ್ತಿ ಹೋಗಿರುತ್ತೆ. ಸಂಜೆ ಹೊತ್ತು, ಹೊಸ ಎಲೆಗೆ ಸಿಗೋ ಹಾಗೆ ಸಿಂಪಡಿಸಿ. ಮೊದಲ ದಿನ ಹತ್ತು ಸಸಿಗೆ ಮಾತ್ರ. ಎರಡು ದಿನ ಬಿಟ್ಟು ಎಲೆ ಸುಟ್ಟಿಲ್ಲ ಅಂದರೆ ಉಳಿದದ್ದಕ್ಕೆ, ವಾರಕ್ಕೊಮ್ಮೆ ಎರಡು ಮೂರು ಸಲ. ಹಸಿರು ತಿರುಗಿದರೆ ರೋಗ ಏನು ಅಂತ ಖಾತ್ರಿಯೂ ಆಯಿತು.

ಬುಡಕ್ಕೆ ಕೊಡೋದಾದರೆ ಪೊಟ್ಟಣದ ಹಿಂದೆ ಓದಿ. ಇಡಿಟಿಎ ಕಬ್ಬಿಣ ಅಗ್ಗ, ಆದರೆ ರಸಸಾರ 6.5 ದಾಟಿದ ಮಣ್ಣಲ್ಲಿ ನಿಲ್ಲಲ್ಲ. ಕ್ಷಾರ ಮಣ್ಣಿಗೆ ಕೆಲಸ ಮಾಡೋದು ಇಡಿಡಿಎಚ್‌ಎ ಅಂತ ಬರೆದಿರೋದು. ಅದು ದುಬಾರಿ. ಐದು ಸಾವಿರ ಹೊಂಗೆಗೆ ಹಾಕೋಕೆ ಹೋಗಬೇಡಿ, ಕಸಿ ಹಲಸು, ಚಕ್ಕೋತದಂಥ ಬೆಲೆ ಇರೋ ಸಸಿಗೆ ಹಾಕಿ. ಸಾರಜನಕ ಕೊಡಬೇಕಾದ್ದಿದ್ದರೆ ಯೂರಿಯಾ ಬದಲು ಅಮೋನಿಯಂ ಸಲ್ಫೇಟ್, ಲೀಟರ್‌ಗೆ 2 ಗ್ರಾಂ, ಚೀಲಕ್ಕೆ 50 ಮಿಲಿ. ಆಮೇಲೆ ಎಲೆ ಮೇಲೆ ಬಿದ್ದದ್ದು ತೊಳೆದುಹೋಗುವಷ್ಟು ಸಾದಾ ನೀರು. ಅದು ಮಣ್ಣನ್ನು ಹುಳಿ ಕಡೆ ತಳ್ಳುತ್ತೆ. ಡಿಎಪಿ ಸಿಲ್ವರ್ ಓಕ್ ಚೀಲಕ್ಕೆ ಬೇಡ. ರಂಜಕ ಜಾಸ್ತಿಯಾದರೆ ಕಬ್ಬಿಣದ ಕೊರತೆ ಇನ್ನೂ ಬಿಗಿಯಾಗುತ್ತೆ.

ಜೂನ್‌ನಲ್ಲಿ ನಾಲ್ಕು ಹದ ಮಳೆ ಬಿದ್ದರೆ ಹಳದಿ ಸಸಿಗಳಲ್ಲಿ ಬಹಳಷ್ಟು ತಾವಾಗೇ ಹಸಿರಾಗ್ತವೆ. ಮೇನಲ್ಲಿ ಯೂರಿಯಾ ಹಾಕಿದವರು ಯೂರಿಯಾಕ್ಕೆ ಜೈ ಅಂತಾರೆ, ಟಾನಿಕ್ ಹಾಕಿದವರು ಟಾನಿಕ್‌ಗೆ. ಆದರೆ ಎಲೆ ಹಸಿರಾದಷ್ಟು ಬೇಗ ಬೇರು ಬೆಳೆಯಲ್ಲ. ಎರಡು ತಿಂಗಳು ಹಸಿದ ಸಸಿಯ ಕಾಂಡ ಪೆನ್ಸಿಲ್‌ಗಿಂತ ಸಣ್ಣ ಇರುತ್ತೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತನಿಗೆ ದುಡ್ಡು ಬರೋದು ಬದುಕುಳಿದ ಗಿಡಕ್ಕೆ ಮಾತ್ರ. ಮುಂದಿನ ಬೇಸಿಗೆಯಲ್ಲಿ ಗಿಡ ಒಣಗಿದರೆ ಅವನು ಬಂದು ಕೇಳೋದು ನಿಮ್ಮನ್ನೇ. ಹಾಗಾಗಿ ಮಾರೋ ಮುಂಚೆ ಸಣ್ಣ ಕಾಂಡದವನ್ನ ಬೇರೆ ಮಾಡಿ ಇನ್ನೊಂದು ತಿಂಗಳು ಮಳೆಯಲ್ಲಿ ಇಟ್ಟುಕೊಳ್ಳಿ. ತಗೊಂಡು ಹೋಗೋ ರೈತ "ಗುಂಡಿಗೆ ಸುಣ್ಣ ಹಾಕ್ಲಾ?" ಅಂತ ಕೇಳಿದರೆ, ತೇಗ ಅಲ್ಲದಿದ್ದರೆ ಬೇಡ ಅನ್ನಿ. ತೇಗ ಆದರೆ ಗುಂಡಿ ಮಣ್ಣಿನ ಪರೀಕ್ಷೆ ಚೀಟಿ ತರೋಕೆ ಹೇಳಿ.